ಎರಡು ಗ್ಲಾಸ್ ಪಕ್ಕಪಕ್ಕದಲ್ಲಿ: ವೈನ್ ರುಚಿ ನೋಡುವುದನ್ನು ಕಲಿಯುವ ಬಗೆ

ವೈನ್ ರುಚಿ ನೋಡುವುದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ಒಂದು ಬಾಟಲಿ ತೆರೆಯಬೇಡಿ, ಎರಡು ತೆರೆಯಿರಿ. ಒಂದೇ ಗ್ಲಾಸ್ ಮುಂದಿಟ್ಟುಕೊಂಡು ಕೂತರೆ ‘ಚೆನ್ನಾಗಿದೆ’, ‘ಸ್ವಲ್ಪ ಹುಳಿ’ ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಇದು ಅದಕ್ಕಿಂತ ಹುಳಿ, ಅದು ಇದಕ್ಕಿಂತ ಗಟ್ಟಿ, ಇದರ ಘಮ ತಕ್ಷಣ ಏಳುತ್ತದೆ, ಅದರದ್ದು ನಿಧಾನ. ಮಾತು ತಾನಾಗಿಯೇ ಹೊರಡುತ್ತದೆ.

ಈ ಮಾರ್ಗದರ್ಶಿಯಲ್ಲಿ ಮೊದಲ ಅರ್ಧ ರುಚಿ ನೋಡುವ ಕ್ರಮದ ಬಗ್ಗೆ. ಉಳಿದರ್ಧ ಯಾವ ದ್ರಾಕ್ಷಿಯ ಪಕ್ಕ ಯಾವುದನ್ನು ಇಡಬೇಕು ಎನ್ನುವುದರ ಬಗ್ಗೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಜಾಸ್ತಿ ಕುಡಿಯುವ ಕಲೆಯಲ್ಲ, ಕಡಿಮೆ ಕುಡಿದು ಜಾಸ್ತಿ ಗಮನಿಸುವ ಕಲೆ. ಕಾನೂನಿನ ವಯಸ್ಸು ದಾಟಿರಬೇಕು, ಗರ್ಭಿಣಿಯರು ಮುಟ್ಟಬಾರದು, ಆಮೇಲೆ ಗಾಡಿ ಓಡಿಸುವವರೂ ಮುಟ್ಟಬಾರದು.

ಕೂರುವ ಮೊದಲು

ಗ್ಲಾಸ್ ಮುಖ್ಯ, ಆದರೆ ದುಬಾರಿಯದ್ದೇ ಬೇಕಿಲ್ಲ. ಕಾಲು ಇರಬೇಕು, ಬಣ್ಣ ಇರಬಾರದು, ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರಬೇಕು. ಬಾಯಿ ಕಿರಿದಾಗಿದ್ದರೆ ಘಮ ಒಳಗೇ ನಿಲ್ಲುತ್ತದೆ. ರುಚಿ ನೋಡುವುದಕ್ಕೆಂದೇ 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಂದು ಗ್ಲಾಸಿನ ಅಳತೆ ನಿಗದಿ ಮಾಡಿತು. ಅದರ ಒಟ್ಟು ಅಳತೆ ಸುಮಾರು 215 ಮಿ.ಲೀ., ಅದಕ್ಕೆ ಸುರಿಯುವುದು ಬರೀ 50 ಮಿ.ಲೀ. ಉಳಿದ ಜಾಗವೆಲ್ಲ ಘಮಕ್ಕೆ. ಆ ಲೆಕ್ಕದಲ್ಲಿ 750 ಮಿ.ಲೀ. ಬಾಟಲಿಯೊಂದು 15 ಜನರಿಗೆ ಸಾಕು. ಹಾಗಾಗಿ ಎರಡು ಬಾಟಲಿ ಎಂದಾಗ ಗಾಬರಿಯಾಗಬೇಡಿ, ಗೆಳೆಯರನ್ನು ಸೇರಿಸಿಕೊಳ್ಳಿ.

ಎಲ್ಲ ಗ್ಲಾಸೂ ಒಂದೇ ಆಕಾರದ್ದಿರಲಿ. ಆಕಾರ ಬೇರೆಯಾದರೆ ಘಮವೂ ಬೇರೆ ಅನಿಸುತ್ತದೆ, ಹೋಲಿಕೆ ಕೆಡುತ್ತದೆ. ಬಳಸುವ ಮೊದಲು ಖಾಲಿ ಗ್ಲಾಸನ್ನು ಒಮ್ಮೆ ಮೂಸಿ. ಪಾತ್ರೆ ತೊಳೆಯುವ ಸೋಪಿನದೋ ಹಳೇ ಬೀರುವಿನದೋ ವಾಸನೆ ಇದ್ದರೆ ಬಿಸಿನೀರಲ್ಲಿ ತೊಳೆದು ಒಣಗಲು ಬಿಡಿ. ಅವತ್ತು ಸೆಂಟು ಹಾಕಿಕೊಳ್ಳಬೇಡಿ. ಊದುಬತ್ತಿ, ಅಡುಗೆಮನೆಯ ಒಗ್ಗರಣೆ ಎಲ್ಲವೂ ದೂರ ಇರಲಿ. ಒಂದು ಬಿಳಿ ಹಾಳೆ, ಕುಡಿಯುವ ನೀರು, ಉಗುಳಲು ಒಂದು ಪಾತ್ರೆ, ಪೆನ್ನು, ಪುಸ್ತಕ. ಇಷ್ಟಿದ್ದರೆ ಸಾಕು.

ಉಷ್ಣಾಂಶದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಒಳ್ಳೇ ವೈನ್‌ಗೆ ಆಗುವ ಅನ್ಯಾಯದಲ್ಲಿ ಹೆಚ್ಚಿನದು ಇಲ್ಲೇ. ಕೆಂಪು ವೈನ್ ಅನ್ನು ‘ಕೋಣೆಯ ಉಷ್ಣಾಂಶದಲ್ಲಿ’ ಕೊಡಬೇಕು ಎನ್ನುವ ಮಾತು ಹುಟ್ಟಿದ್ದು ತಣ್ಣನೆಯ ಹಳೇ ಕಲ್ಲಿನ ಮನೆಗಳಲ್ಲಿ. 28 ಡಿಗ್ರಿಯ ಕೋಣೆಗೆ ಅದು ಹೊಂದುವುದಿಲ್ಲ. ಬೆಚ್ಚಗಾದ ಕೆಂಪು ವೈನ್‌ನಲ್ಲಿ ಆಲ್ಕೋಹಾಲಿನ ಘಾಟು ಮುಂದೆ ಬರುತ್ತದೆ, ಹಣ್ಣು ಹಿಂದೆ ಸರಿಯುತ್ತದೆ. ಗಟ್ಟಿ ಕೆಂಪಿಗೆ 15ರಿಂದ 18 ಡಿಗ್ರಿ, ಹಗುರ ಕೆಂಪಿಗೆ 12ರಿಂದ 14 ಇರಲಿ. ಬಿಳಿ ವೈನ್ ಹಗುರವಾಗಿದ್ದರೆ 8ರಿಂದ 10, ಗಟ್ಟಿಯಾಗಿದ್ದರೆ 10ರಿಂದ 13. ನೊರೆಯ ವೈನ್‌ಗೆ 6ರಿಂದ 8. ಥರ್ಮಾಮೀಟರ್ ಇಲ್ಲವೇ? ಕೆಂಪನ್ನು ಸುರಿಯುವ ಮುನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಯನ್ನು ಸುರಿಯುವುದಕ್ಕೆ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ, ಜಾಸ್ತಿ ತಣ್ಣಗಿದ್ದರೆ ಘಮ ಮೇಲೇಳುವುದೇ ಇಲ್ಲ.

ಸಾಲು ಹೀಗಿರಲಿ: ನೊರೆಯದ್ದು ಮೊದಲು, ಆಮೇಲೆ ಬಿಳಿ, ಆಮೇಲೆ ಕೆಂಪು, ಸಿಹಿಯದ್ದು ಕೊನೆಗೆ. ಹಗುರದಿಂದ ಗಟ್ಟಿಗೆ ಹೋಗಬೇಕು. ತಿರುಗುಮುರುಗಾದರೆ ಹಗುರ ವೈನ್ ನೀರಿನಂತೆ ಅನಿಸಿಬಿಡುತ್ತದೆ.

ಮೊದಲ ಹೆಜ್ಜೆ: ನೋಡಿ

ಇಲ್ಲಿ ಅರ್ಧ ನಿಮಿಷ ಸಾಕು. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ, ನಡುವಿನ ಬಣ್ಣವನ್ನೂ ಅಂಚಿನ ಬಣ್ಣವನ್ನೂ ನೋಡಿ. ವಯಸ್ಸಾದಂತೆ ಬಿಳಿ ವೈನ್ ಗಾಢವಾಗುತ್ತದೆ, ಹುಲ್ಲಿನ ಹಳದಿ ಹೋಗಿ ಬಂಗಾರ, ಆಮೇಲೆ ಜೇನಿನ ಬಣ್ಣ. ಕೆಂಪು ವೈನ್ ಇದಕ್ಕೆ ಉಲ್ಟಾ, ಅದು ತೆಳುವಾಗುತ್ತ ಹೋಗುತ್ತದೆ. ಎಳೆಯದರ ಅಂಚಿನಲ್ಲಿ ನೇರಳೆ ಛಾಯೆ, ಹಳೆಯದರಲ್ಲಿ ಇಟ್ಟಿಗೆಯ ಬಣ್ಣ.

ಗ್ಲಾಸಿನ ಗೋಡೆಯ ಮೇಲೆ ಇಳಿಯುವ ಹನಿಗೆರೆಗಳನ್ನು ನೋಡಿ ‘ಇದು ಒಳ್ಳೇ ವೈನ್’ ಎನ್ನುವವರಿದ್ದಾರೆ. ಅದಕ್ಕೂ ಗುಣಮಟ್ಟಕ್ಕೂ ಸಂಬಂಧ ಇಲ್ಲ. ಗೋಡೆಗಂಟಿದ ತೆಳು ಪದರದಲ್ಲಿ ನೀರಿಗಿಂತ ಬೇಗ ಆಲ್ಕೋಹಾಲ್ ಆರುತ್ತದೆ. ಉಳಿದ ದ್ರವದ ಮೇಲ್ಮೈ ಎಳೆತ ಹೆಚ್ಚಿ, ಕೆಳಗಿನಿಂದ ಇನ್ನಷ್ಟು ವೈನ್ ಅನ್ನು ಮೇಲಕ್ಕೆ ಎಳೆಯುತ್ತದೆ. ಭಾರವಾದಾಗ ಅದು ಹನಿಯಾಗಿ ಇಳಿಯುತ್ತದೆ. ಭೌತವಿಜ್ಞಾನಿ ಜೇಮ್ಸ್ ಥಾಮ್ಸನ್ ಇದನ್ನು 1855ರಲ್ಲೇ ವಿವರಿಸಿದ್ದರು. ಕಣ್ಣಿಗೆ ಚೆಂದ, ನೋಡಿ ಖುಷಿಪಡಿ.

ಕಣ್ಣನ್ನು ಜಾಸ್ತಿ ನಂಬಬೇಡಿ ಎನ್ನಲು ಇನ್ನೂ ಒಂದು ಕಾರಣ ಇದೆ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಅವರು ಅದರ ಘಮವನ್ನು ಕೆಂಪು ವೈನ್‌ಗೆ ಬಳಸುವ ಮಾತುಗಳಿಂದಲೇ ಬಣ್ಣಿಸಿದರು. ಈ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಕಲಿತವರ ಮೂಗನ್ನೂ ಕಣ್ಣು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಮೂಸುವಾಗ ನಾನು ಕಣ್ಣು ಮುಚ್ಚುತ್ತೇನೆ.

ಎರಡನೇ ಹೆಜ್ಜೆ: ಮೂಸಿ

ಆತುರ ಬೇಡ, ವೈನ್‌ನ ಬಹುಪಾಲು ಸಂಗತಿ ಇರುವುದು ಇಲ್ಲೇ. ಗ್ಲಾಸನ್ನು ಅಲುಗಿಸದೆ ಒಮ್ಮೆ ಮೂಸಿ. ಮೊದಲು ಏಳುವುದು ತೀರಾ ಹಗುರದ ಘಮಗಳು. ಆಮೇಲೆ ಗ್ಲಾಸಿನ ಪಾದವನ್ನು ಮೇಜಿಗೆ ಒತ್ತಿ ಹಿಡಿದು ಮೂರ್ನಾಲ್ಕು ಸುತ್ತು ತಿರುಗಿಸಿ, ಕೈಯಲ್ಲಿ ಎತ್ತಿ ತಿರುಗಿಸುವುದಕ್ಕಿಂತ ಇದು ಸುಲಭ. ತಕ್ಷಣ ಮತ್ತೆ ಮೂಸಿ. ಉದ್ದಕ್ಕೆ ಎಳೆಯಬೇಡಿ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ. ಮೂಗು ಬೇಗ ಒಗ್ಗಿಹೋಗುತ್ತದೆ. ಏನೂ ಸಿಗುತ್ತಿಲ್ಲ ಅನಿಸಿದರೆ ಪಕ್ಕದ ಗ್ಲಾಸಿಗೆ ಹೋಗಿ, ನಿಮ್ಮ ಸ್ವಂತ ಮುಂಗೈಯನ್ನು ಮೂಸಿ, ಮತ್ತೆ ಇದಕ್ಕೆ ಬನ್ನಿ.

ಘಮಗಳಿಗೆ ಮೂರು ಮೂಲ ಇವೆ ಎಂದಿಟ್ಟುಕೊಳ್ಳಿ. ಮೊದಲನೆಯದು ದ್ರಾಕ್ಷಿಯದ್ದೇ ಆದ ಹಣ್ಣು, ಹೂವು, ಹಸಿರೆಲೆ, ಮೆಣಸು. ಎರಡನೆಯದು ಹುದುಗುವಾಗ ಹುಟ್ಟಿದ್ದು, ಬ್ರೆಡ್ಡು, ಬೆಣ್ಣೆ ಇಂಥವು. ಮೂರನೆಯದು ಪೀಪಾಯಿ ಮತ್ತು ಕಾಲ ಕೊಟ್ಟಿದ್ದು, ಅಂದರೆ ವೆನಿಲ್ಲಾ, ಲವಂಗ, ಹೊಗೆ, ಚರ್ಮ, ಒಣಹಣ್ಣು. ಅಮೆರಿಕದ ಓಕ್ ಮರದ ಪೀಪಾಯಿ ತೆಂಗಿನಕಾಯಿ, ವೆನಿಲ್ಲಾ ಕಡೆಗೆ ಎಳೆಯುತ್ತದೆ. ಫ್ರಾನ್ಸಿನ ಓಕ್ ಮೆಲ್ಲಗೆ ಮಸಾಲೆಯ ಕಡೆಗೆ. ಯಾವ ಹಣ್ಣು ಎಂದು ಹೆಸರು ಹಿಡಿಯಲು ಒದ್ದಾಡುವ ಬದಲು, ಈ ಮೂರರಲ್ಲಿ ಯಾವುದು ಜೋರಾಗಿದೆ ಎಂದು ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಮಾತಿನ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆ್ಯನ್ ನೋಬಲ್ 1980ರ ದಶಕದಲ್ಲಿ ‘ಅರೋಮಾ ವೀಲ್’ ಎನ್ನುವ ಘಮದ ಚಕ್ರ ರೂಪಿಸಿದರು. ದೊಡ್ಡ ಗುಂಪು ಒಳಗೆ, ಅದರ ಬಿಡಿ ಹೆಸರುಗಳು ಹೊರಗೆ. ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿರುವ ಬ್ಲ್ಯಾಕ್‌ಕರಂಟನ್ನು ನೀವು ಜನ್ಮದಲ್ಲಿ ತಿಂದಿರದಿದ್ದರೆ ಆ ಹೆಸರು ಬಾಯಿಪಾಠವಾಗುತ್ತದೆ ಅಷ್ಟೆ. ನಿಮ್ಮ ಮೂಗಿಗೆ ನೇರಳೆಹಣ್ಣು ಎನಿಸಿದರೆ ನೇರಳೆಹಣ್ಣು ಎಂದೇ ಬರೆಯಿರಿ. ಮೊದಲ ಮಳೆಗೆ ನೆನೆದ ಮಣ್ಣು, ಹೊಸ ಪುಸ್ತಕ, ಒದ್ದೆ ಉಣ್ಣೆ, ಯಾವುದೂ ತಪ್ಪಲ್ಲ. ಮುಂದಿನ ಸಲ ಅದೇ ವೈನ್ ಸಿಕ್ಕಾಗ ಗುರುತು ಹಿಡಿಯಲು ನೆರವಾಗುವ ಮಾತೇ ಸರಿಯಾದ ಮಾತು.

ಎಲ್ಲರ ಮೂಗೂ ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ಸಿರಾ ದ್ರಾಕ್ಷಿಯ ವೈನ್‌ನಲ್ಲಿ ಬರುವ ಕಾಳುಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದರ ವಾಸನೆ ತಿಳಿಯಲೇ ಇಲ್ಲ. ಪಕ್ಕದವರಿಗೆ ಸಿಕ್ಕ ಮೆಣಸು ನಿಮಗೆ ಸಿಗದಿದ್ದರೆ ಅದು ನಿಮ್ಮ ದೋಷವಲ್ಲ.

ಕೆಟ್ಟ ವೈನ್ ಪತ್ತೆಯಾಗುವುದೂ ಮೂಗಿನಿಂದಲೇ. ಹಲವು ವರ್ಷಗಳ ಹಿಂದೆ ಒಂದು ಹೋಟೆಲಿನಲ್ಲಿ ನಾನು ಆಸೆಯಿಂದ ತರಿಸಿದ ವೈನ್ ಒದ್ದೆ ರಟ್ಟಿನಂತೆ ನಾರುತ್ತಿತ್ತು. ಕೇಳಿದಾಗ, ಆ ವೈನ್ ಇರುವುದೇ ಹಾಗೆ ಎಂದರು. ನಂಬಿ ಕುಡಿದೆ. ಅದೇ ಹೆಸರಿನ ಬಾಟಲಿ ಬೇರೆ ಕಡೆ ಸಿಕ್ಕಾಗ ಅದರಲ್ಲಿ ಚೆರಿಯೂ ಗುಲಾಬಿಯೂ ತುಂಬಿತ್ತು! ಅಂದು ನನಗೆ ಸಿಕ್ಕಿದ್ದು ಬಿರಡೆಯ ದೋಷ. ಟಿಸಿಎ ಎನ್ನುವ ಸಂಯುಕ್ತ ಕಾರ್ಕ್ ಬಿರಡೆಯಿಂದ ಇಳಿದು, ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಣ್ಣಿನ ಘಮವನ್ನು ಅಡಗಿಸಿಬಿಡುತ್ತದೆ. ಆರೋಗ್ಯಕ್ಕೇನೂ ಆಗುವುದಿಲ್ಲ, ಆದರೆ ಅಂಥ ಬಾಟಲಿಯನ್ನು ಸಂಕೋಚವಿಲ್ಲದೆ ವಾಪಸ್ ಕೊಡಿ. ವಿನೆಗರ್ ವಾಸನೆ, ಉಗುರುಬಣ್ಣದ ವಾಸನೆ ಜೋರಾಗಿದ್ದರೂ ಹಾಗೇ. ಬಿರಡೆಗೋ ತಳಕ್ಕೋ ಅಂಟಿದ ಸಕ್ಕರೆಯಂಥ ಹರಳು ಮಾತ್ರ ದೋಷವಲ್ಲ, ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದಿಂದಲೇ ಕಟ್ಟಿದ್ದು. ಹಳೇ ಕೆಂಪು ವೈನ್‌ನ ತಳದ ಗಸಿಯೂ ಸಹಜ, ನಿಧಾನ ಬಗ್ಗಿಸಿಕೊಂಡರೆ ಆಯಿತು.

ಮೂರನೇ ಹೆಜ್ಜೆ: ಬಾಯಿಗೆ ತನ್ನಿ

ಎರಡು ಚಮಚದಷ್ಟು ಗುಟುಕು ಸಾಕು. ನುಂಗಬೇಡಿ. ಒಸಡು, ಕೆನ್ನೆಯ ಒಳಭಾಗ, ನಾಲಿಗೆಯ ಬುಡ, ಎಲ್ಲ ಕಡೆ ತಾಗುವ ಹಾಗೆ ಹೊರಳಿಸಿ. ತುಟಿಯನ್ನು ಸ್ವಲ್ಪವೇ ತೆರೆದು ಸುರ್ರೆಂದು ಗಾಳಿ ಎಳೆದುಕೊಳ್ಳಿ. ಸದ್ದಾದರೆ ನಾಚಿಕೆ ಬೇಡ. ಬಾಯಿಯ ಹಿಂಭಾಗದಿಂದ ಘಮ ಮೂಗಿಗೆ ಏರುವುದು ಆಗಲೇ. ನಂಬಿಕೆ ಬರದಿದ್ದರೆ ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ತೆಗೆದುಕೊಳ್ಳಿ. ಹುಳಿ, ಸಿಹಿ, ಒಗರು ಬಿಟ್ಟು ಏನೂ ತಿಳಿಯುವುದಿಲ್ಲ. ಈಗ ಮೂಗು ಬಿಡಿ. ಹಣ್ಣು, ಮಸಾಲೆ ಎಲ್ಲ ಒಮ್ಮೆಲೇ ನುಗ್ಗಿ ಬರುತ್ತದೆ. ಹೊಸಬರಿಗೆ ನಾನು ತಪ್ಪದೆ ಮಾಡಿಸುವ ಪರೀಕ್ಷೆ ಇದು.

ಈಗ ಒಂದೊಂದಾಗಿ ಕೇಳಿಕೊಳ್ಳಿ.

ಸಿಹಿ ಇದೆಯೇ? ಹಣ್ಣಿನ ಘಮ ಇದ್ದರೆ ಮನಸ್ಸು ಸಿಹಿ ಎಂದುಬಿಡುತ್ತದೆ, ಮೋಸಹೋಗಬೇಡಿ. ಆ ಮೂಗು ಹಿಡಿಯುವ ಪರೀಕ್ಷೆಯೇ ಇಲ್ಲೂ ಗೊಂದಲ ಬಿಡಿಸುತ್ತದೆ. ನಿಜವಾದ ಸಕ್ಕರೆ ಮೂಗು ಮುಚ್ಚಿದಾಗಲೂ ನಾಲಿಗೆಗೆ ತಿಳಿಯುತ್ತದೆ.

ಹುಳಿ ಎಷ್ಟು? ಉಗುಳಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆ, ಎಷ್ಟು ಹೊತ್ತು ಊರುತ್ತದೆ, ಅದೇ ಅಳತೆ. ಹುಳಿ ಇಲ್ಲದ ವೈನ್ ಸಪ್ಪೆ, ಹುಳಿಯೇ ವೈನ್‌ನ ಬೆನ್ನುಮೂಳೆ.

ಒಗರು ಎಷ್ಟು? ಟ್ಯಾನಿನ್ ಎನ್ನುವುದಕ್ಕೆ ನಮ್ಮಲ್ಲಿ ಇಷ್ಟು ಚೆಂದದ ಮಾತು ಇದೆ, ಅಲ್ವಾ? ಹಸಿ ಬಾಳೆಕಾಯಿ ಕಚ್ಚಿದಾಗ, ಜಾಸ್ತಿ ಹೊತ್ತು ಕುದಿಸಿದ ಹಾಲಿಲ್ಲದ ಟೀ ಕುಡಿದಾಗ ಒಸಡು ಹಿಡಿದುಕೊಳ್ಳುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರು ಹೋಗುತ್ತದೆ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯಿ ಒಣಗಿಸುತ್ತದೆ. ಈ ಎರಡನ್ನು ಬೇರೆ ಮಾಡಲು ಬಂದರೆ ಕಷ್ಟದ ಭಾಗ ಮುಗಿದ ಹಾಗೆ. ಒಗರು ಎಷ್ಟು ಎನ್ನುವುದರ ಜೊತೆ ಎಂಥದ್ದು ಎಂದೂ ನೋಡಿ. ಮಖಮಲ್ಲಿನಂತೆ ನಯವೋ, ಸೀಮೆಸುಣ್ಣದಂತೆ ಪುಡಿಯೋ, ಮರಳಿನಂತೆ ತರಿಯೋ?

ಗಂಟಲಲ್ಲಿ ಬಿಸಿ ಎನಿಸಿದರೆ ಆಲ್ಕೋಹಾಲ್ ಜಾಸ್ತಿ ಎಂದರ್ಥ. ಬಾಯಿ ತುಂಬಿದಂತಿದೆಯೋ, ತೆಳುವೋ ಗಮನಿಸಿ. ನೀರಿಗೂ ಹಾಲಿಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಕೊನೆಗೆ ಉಗುಳಿ, ರುಚಿ ಎಷ್ಟು ಸೆಕೆಂಡು ಉಳಿಯುತ್ತದೆ ಎಂದು ಎಣಿಸಿ. ಬರೀ ಆಲ್ಕೋಹಾಲಿನ ಉರಿಯೋ ಒಗರೋ ಉಳಿದರೆ ಅದು ಲೆಕ್ಕಕ್ಕಿಲ್ಲ, ಹಿತವಾದ ರುಚಿ ಉಳಿಯಬೇಕು. ಲೇಬಲ್‌ಗಿಂತ ನಾನು ನಂಬುವುದು ಇದನ್ನು.

ಉಗುಳುವುದಕ್ಕೆ ಸಂಕೋಚ ಪಡಬೇಡಿ. ದಿನಕ್ಕೆ ಹತ್ತಾರು ವೈನ್ ನೋಡುವ ವೃತ್ತಿಪರರೆಲ್ಲ ಮಾಡುವುದು ಅದನ್ನೇ. ಉಗುಳಿದ ಕೂಡಲೇ ಬರೆದುಕೊಳ್ಳಿ: ತಳಿ, ಊರು, ವರ್ಷ, ಮೂರು ಸಾಲು ಟಿಪ್ಪಣಿ, ಇಷ್ಟವಾಯಿತೋ ಇಲ್ಲವೋ. ಇಷ್ಟವಾಗದಿದ್ದರೆ ಯಾಕೆ ಎಂದೂ ಬರೆಯಿರಿ.

ಈಗ ಜೋಡಿಗಳು

ಒಂದೇ ದ್ರಾಕ್ಷಿ, ಎರಡು ನೆಲ. ಶುರು ಮಾಡಲು ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ.

ಮೊದಲ ಜೋಡಿ ಶಾರ್ಡನೇ. ಫ್ರಾನ್ಸಿನ ಶಾಬ್ಲಿಯದೊಂದು, ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಬೆಳೆದು ಓಕ್ ಪೀಪಾಯಿಯಲ್ಲಿ ಕೂತದ್ದೊಂದು. ನನ್ನ ಗೆಳತಿಯೊಬ್ಬಳು ಶಾರ್ಡನೇ ಎಂದರೆ ಮುಖ ಸಿಂಡರಿಸುತ್ತಿದ್ದಳು. ಹೆಸರು ಹೇಳದೆ ಎರಡೂ ಗ್ಲಾಸ್ ಮುಂದಿಟ್ಟೆ. ಮೊದಲನೆಯದನ್ನು ಮೂಸಿ ನಿಂಬೆ ಸಿಪ್ಪೆ, ಹಸಿರು ಸೇಬು, ನೆನೆದ ಕಲ್ಲು ಎಂದಳು. ಬಾಯಿಗಿಟ್ಟಾಗ ಎರಡೂ ದವಡೆಯ ಹತ್ತಿರ ಚುರ್ರೆಂದು ನೀರೂರಿತು. ಎರಡನೆಯದರಲ್ಲಿ ಬೆಣ್ಣೆ ಕಾಯಿಸುವ ವಾಸನೆ, ಅನಾನಸ್, ವೆನಿಲ್ಲಾ, ಬಾಯಿ ತುಂಬುವ ನುಣುಪು. ಎರಡೂ ಒಂದೇ ದ್ರಾಕ್ಷಿ ಎಂದಾಗ ಮತ್ತೆ ಎರಡನ್ನೂ ಮೂಸಿದಳು, ಐದು ನಿಮಿಷ ಮಾತಾಡಲಿಲ್ಲ. ಅವಳಿಗೆ ಹಿಡಿಸದೇ ಇದ್ದದ್ದು ದ್ರಾಕ್ಷಿಯಲ್ಲ, ಬೆಣ್ಣೆ ಮತ್ತು ಪೀಪಾಯಿ.

ಆ ಬೆಣ್ಣೆ ಬರುವುದು ಎರಡನೇ ಹುದುಗುವಿಕೆಯಿಂದ. ಬ್ಯಾಕ್ಟೀರಿಯಾಗಳು ಸೇಬಿನಲ್ಲಿರುವಂಥ ಚೂಪು ಮ್ಯಾಲಿಕ್ ಆಮ್ಲವನ್ನು ಹಾಲಿನಲ್ಲಿ ಹುಟ್ಟುವಂಥ ಮೆದು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಜೊತೆಗೆ ಡೈಅಸಿಟೈಲ್ ಎಂಬ ಬೆಣ್ಣೆಘಮದ ಸಂಯುಕ್ತ ಹುಟ್ಟುತ್ತದೆ. ಶಾಬ್ಲಿಯಲ್ಲೂ ಈ ಹಂತ ಸಾಮಾನ್ಯ, ಆದರೆ ಅಲ್ಲಿನ ಚಳಿ ಹವೆಯಿಂದ ಹುಳಿ ಮೊದಲೇ ಜಾಸ್ತಿ, ಹೊಸ ಓಕ್ ಬಳಕೆ ಕಡಿಮೆ. ಹವಾಗುಣದ ಮುಖ್ಯ ಸೂತ್ರವೂ ಇಲ್ಲೇ ಇದೆ. ಚಳಿಯ ನಾಡಿನಲ್ಲಿ ಹಣ್ಣು ನಿಧಾನ ಮಾಗುತ್ತದೆ, ಸಕ್ಕರೆ ಕಡಿಮೆ, ಹುಳಿ ಜಾಸ್ತಿ. ಬಿಸಿ ನಾಡಿನಲ್ಲಿ ಸಕ್ಕರೆ ಜಾಸ್ತಿ, ಆ ಸಕ್ಕರೆಯೇ ಆಲ್ಕೋಹಾಲ್ ಆಗುವುದರಿಂದ ಅದೂ ಜಾಸ್ತಿ, ಹುಳಿ ಕಡಿಮೆ.

ಎರಡನೇ ಜೋಡಿ ಸೋವಿನ್ಯೋಂ ಬ್ಲಾಂ. ಫ್ರಾನ್ಸಿನ ಲುವಾರ್ ಕಣಿವೆಯ ಸಾನ್ಸೇರ್ ಮತ್ತು ನ್ಯೂಜಿಲೆಂಡಿನ ಮಾರ್ಲ್‌ಬರೋ. ಎರಡೂ ಚೂಪು ಹುಳಿಯವು. ಮಾರ್ಲ್‌ಬರೋ ಗ್ಲಾಸ್ ಹತ್ತಿರ ತರುವ ಮೊದಲೇ ಪ್ಯಾಷನ್‌ಫ್ರೂಟ್, ಸೀಬೆ, ಕತ್ತರಿಸಿದ ಹುಲ್ಲು ಎಂದು ಕೂಗಿ ಹೇಳುತ್ತದೆ. ಸಾನ್ಸೇರ್ ಮೆಲುದನಿ. ಆ ಹುಲ್ಲು, ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆಗೆ ಕಾರಣ ಪೈರಜೀನ್ ಗುಂಪಿನ ಸಂಯುಕ್ತಗಳು.

ಅದೇ ಹಸಿರು ವಾಸನೆ ಕೆಂಪು ಕ್ಯಾಬರ್ನೇ ಸೋವಿನ್ಯೋಂನಲ್ಲೂ ಸಿಗುತ್ತದೆ. ಯಾಕೆಂದರೆ ಅದು ಸೋವಿನ್ಯೋಂ ಬ್ಲಾಂನ ಮಗು! ಬಿಳಿ ಸೋವಿನ್ಯೋಂ ಬ್ಲಾಂ, ಕೆಂಪು ಕ್ಯಾಬರ್ನೇ ಫ್ರಾಂ ಎರಡೂ ತಾನಾಗಿ ಕೂಡಿ ಹುಟ್ಟಿದ ತಳಿ ಅದು ಎಂದು ಡೇವಿಸ್‌ನ ಸಂಶೋಧಕರು 1997ರಲ್ಲಿ ಡಿಎನ್‌ಎ ಆಧಾರದಿಂದ ಪ್ರಕಟಿಸಿದರು. ಇದನ್ನು ಓದಿದ ಮೇಲೆ ಮೂರೂ ವೈನ್ ಸಾಲಾಗಿ ಇಟ್ಟು ಮೂಸಿದಾಗ ಮನೆತನದ ಹೋಲಿಕೆ ಸಿಕ್ಕಿತು. ಆ ಸಂಜೆಯ ಸಂತೋಷ ಇನ್ನೂ ನೆನಪಿದೆ.

ಒಗರನ್ನು ಕಲಿಯಲು ಪಿನೋ ನ್ವಾರ್ ಮತ್ತು ಕ್ಯಾಬರ್ನೇ ಸೋವಿನ್ಯೋಂ ಪಕ್ಕಪಕ್ಕ ಇಡಿ. ಪಿನೋದ್ದು ತೆಳು ಸಿಪ್ಪೆ, ತೆಳು ಬಣ್ಣ, ಚೆರಿಯ ಘಮ, ನಯವಾದ ಒಗರು. ಫ್ರಾನ್ಸಿನ ಬರ್ಗಂಡಿಯದು ಸಿಗದಿದ್ದರೆ ಅಮೆರಿಕದ ಆರೆಗಾನ್ ಅಥವಾ ನ್ಯೂಜಿಲೆಂಡಿನದು ನೋಡಿ. ಕ್ಯಾಬರ್ನೇಯದು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಸಡು ಹಿಡಿಯುವ ಒಗರು. ಇಷ್ಟಾದ ಮೇಲೆ ಇಟಲಿಯ ಬರೋಲೋ ತೆರೆಯಿರಿ. ನೆಬಿಯೋಲೋ ದ್ರಾಕ್ಷಿಯ ಈ ವೈನ್ ಬಣ್ಣದಲ್ಲಿ ಪಿನೋದಷ್ಟೇ ತೆಳು, ಘಮದಲ್ಲಿ ಗುಲಾಬಿ ಮತ್ತು ಡಾಂಬರು. ಬಾಯಿಗಿಟ್ಟರೆ ಒಗರು ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ನಿಯಮದ ಪ್ರಕಾರ 38 ತಿಂಗಳು ಮಾಗಿಸಿದ ಮೇಲೂ ಹೀಗೆ! ಬಣ್ಣಕ್ಕೂ ಒಗರಿಗೂ ನೇರ ಸಂಬಂಧ ಇಲ್ಲ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು.

ಸಿರಾ ಮತ್ತು ಶಿರಾಜ್ ಒಂದೇ ದ್ರಾಕ್ಷಿ. ಫ್ರಾನ್ಸಿನ ಉತ್ತರ ರೋನ್ ಕಣಿವೆಯದು ಮೆಣಸು, ಹೊಗೆ, ಆಲಿವ್ ಕಡೆಗೆ. ಆಸ್ಟ್ರೇಲಿಯಾದ ಬರೋಸಾ ಕಣಿವೆಯದು ಹಣ್ಣಿನ ಜಾಮ್, ಚಾಕೊಲೇಟ್ ಕಡೆಗೆ.

ಕಾಲದ ಪಾಠಕ್ಕೆ ಸ್ಪೇನಿನ ರಿಯೋಹಾ ಇರಲಿ. ತೆಂಪ್ರಾನಿಯೋ ಮುಖ್ಯ ದ್ರಾಕ್ಷಿ. ಲೇಬಲ್‌ನಲ್ಲಿ ರಿಸರ್ವಾ ಎಂದಿದ್ದರೆ ಕೆಂಪು ವೈನ್ ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷ ಓಕ್‌ನಲ್ಲಿ. ಗ್ರಾನ್ ರಿಸರ್ವಾಕ್ಕೆ 5 ವರ್ಷ, ಅದರಲ್ಲಿ 2 ವರ್ಷ ಓಕ್. ಒಂದೇ ಉತ್ಪಾದಕರ ಎರಡನ್ನೂ ತಂದರೆ ತಾಜಾ ಹಣ್ಣು ಒಣಹಣ್ಣಾಗಿ, ಚರ್ಮವಾಗಿ ಬದಲಾಗುವುದು ಕಣ್ಣೆದುರೇ ತಿಳಿಯುತ್ತದೆ.

ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯನ್ನು ದಯವಿಟ್ಟು ಬಿಡಬೇಡಿ. ಸಿಹಿ ಎಂದು ಬದಿಗೆ ಸರಿಸುವವರೇ ಜಾಸ್ತಿ, ನನಗೆ ಬೇಜಾರು. ಜರ್ಮನಿಯ ಮೋಸೆಲ್ ನದಿಯ ಕಡಿದಾದ ಸ್ಲೇಟ್ ಕಲ್ಲಿನ ಇಳಿಜಾರಿನ ಕಾಬಿನೆಟ್, ಅಂದರೆ ಹಗುರ ವರ್ಗದ ವೈನ್ ಒಂದು ತನ್ನಿ, ಆಲ್ಕೋಹಾಲ್ ಹಲವು ಸಲ 8 ಶೇಕಡ ಆಸುಪಾಸು. ಅದರಲ್ಲಿ ಸಕ್ಕರೆ ಇದೆ, ಆದರೆ ಹುಳಿ ಎಷ್ಟು ಬಿಗಿಯಾಗಿದೆ ಎಂದರೆ ನಾಲಿಗೆಗೆ ಎರಡೂ ತಕ್ಕಡಿಯಲ್ಲಿ ತೂಗಿದಂತೆ. ಪಕ್ಕದಲ್ಲಿ ಲೇಬಲ್ ಮೇಲೆ ಟ್ರೋಕನ್ ಎಂದಿರುವ, ಅಂದರೆ ಸಿಹಿ ಇಲ್ಲದ್ದೊಂದು ಇರಲಿ. ಹಳೆಯ ರೀಸ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಬೆಚ್ಚಬೇಡಿ, ಅದು ಆ ತಳಿಯ ಗುರುತು.

ಹೆಸರು ಮುಚ್ಚಿ ನೋಡಿ

ನಾಲ್ಕೈದು ಜೋಡಿ ಆದ ಮೇಲೆ ಬಾಟಲಿಗಳನ್ನು ಕಾಗದದ ಚೀಲದಲ್ಲಿ ಸುತ್ತಿ, ನಂಬರ್ ಬರೆದು, ಬೇರೆಯವರ ಕೈಯಲ್ಲಿ ಸುರಿಸಿ. ಪ್ಯಾರಿಸ್‌ನಲ್ಲಿ 1976ರ ಮೇ 24ರಂದು ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಹೀಗೇ ಹೆಸರು ಮುಚ್ಚಿ ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಫ್ರೆಂಚ್ ತೀರ್ಪುಗಾರರ ಮುಂದಿಟ್ಟರು. ಬಿಳಿಯಲ್ಲಿ ಶಾಟೋ ಮಾಂಟಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್, ಎರಡೂ ಕ್ಯಾಲಿಫೋರ್ನಿಯಾದವೇ ಮೊದಲು ಬಂದವು. ಲೇಬಲ್ ಕಂಡಿದ್ದರೆ ಫಲಿತಾಂಶ ಹೀಗೇ ಬರುತ್ತಿತ್ತೇ?

ಊಹೆ ತಪ್ಪಿದರೆ ಬೇಸರ ಬೇಡ. ಚಿಲಿಯಲ್ಲಿ ಮೆರ್ಲೋ ಎಂದು ಬೆಳೆದು ಮಾರುತ್ತಿದ್ದ ಎಷ್ಟೋ ಬಳ್ಳಿಗಳು ನಿಜಕ್ಕೂ ಕಾರ್ಮೆನೇರ್ ಎಂದು ಗೊತ್ತಾದದ್ದು 1994ರಲ್ಲಿ, ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೋ ತೋಟದಲ್ಲಿ ನಿಂತು ನೋಡಿದಾಗ. ಹೆಸರು ಹಿಡಿಯುವುದಕ್ಕಿಂತ ಹುಳಿ, ಒಗರು, ಆಲ್ಕೋಹಾಲ್, ಪೀಪಾಯಿ ಇವನ್ನು ಸರಿಯಾಗಿ ಓದಿದ್ದೀರಾ ನೋಡಿ. ಓದು ಸರಿಯಿದ್ದರೆ ಹೆಸರು ಇವತ್ತಲ್ಲ ನಾಳೆ ಸಿಗುತ್ತದೆ.

ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ. ಬಿಗಿಯಾಗಿ ಮುಚ್ಚಿ, ಕೆಂಪಾದರೂ ಸರಿ, ಫ್ರಿಜ್‌ನಲ್ಲಿಡಿ. ಮರುದಿನ ಅದೇ ಹೊತ್ತಿಗೆ ಅದೇ ಗ್ಲಾಸಿಗೆ ಸ್ವಲ್ಪ ಸುರಿದು, ಹಿಂದಿನ ದಿನದ ಟಿಪ್ಪಣಿ ಪಕ್ಕದಲ್ಲಿಟ್ಟುಕೊಂಡು ಮೂಸಿ. ನಿನ್ನೆ ಮುಚ್ಚಿಕೊಂಡಿದ್ದ ಬರೋಲೋ ಇವತ್ತು ಬಾಯಿ ಬಿಟ್ಟಿರುತ್ತದೆ. ನಿನ್ನೆ ಮನೆಯೆಲ್ಲ ಘಮಘಮಿಸಿದ ಹಗುರ ಬಿಳಿ ಇವತ್ತು ಅರ್ಧ ಸೊರಗಿರುತ್ತದೆ. ಎರಡನ್ನೂ ಅದೇ ಪುಟದಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿಡಿ.